ಎಡಗಡೆಯಿಂದ ಬಂದ ಚೆಂಡು

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಡ್ರಾಯರ್ ಎಳೆದಾಗ ನೀಲಿ ನೋಟ್‌ಬುಕ್ ಅಲ್ಲಿರಲಿಲ್ಲ.

ಗಾಳಿ ಮೇಡಂ ಮೊದಲು ಗಾಬರಿಯಾಗಲಿಲ್ಲ. ಮೇಜಿನ ಮೇಲೆ ಹುಡುಕಿದಳು. ಕಪಾಟಿನಲ್ಲಿ ಹುಡುಕಿದಳು. ಬ್ಯಾಗನ್ನು ತಲೆಕೆಳಗು ಮಾಡಿ ಸುರಿದಳು. ಬಾಚಣಿಗೆ ಬಿತ್ತು, ಹಲ್ಲಿನ ಡಾಕ್ಟರ ಚೀಟಿ ಬಿತ್ತು, ನೋಟ್‌ಬುಕ್ ಬೀಳಲಿಲ್ಲ. ಹಿಂದಿನ ಐದು ವರ್ಷಗಳ ನೋಟ್‌ಬುಕ್‌ಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಹೋದದ್ದು ಒಂದೇ— ಕೊನೆಯ ಎಂಟು ಪಂದ್ಯಗಳದ್ದು.

ಹೋದರೆ ಹೋಗಲಿ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ್ದೇನಲ್ಲ ಎಂದುಕೊಂಡು ಹಾಳೆ ತೆರೆದಳು. ಕಂಬನ ಹೆಸರಿನ ಮುಂದೆ ಸಾವಿರದ ಮುನ್ನೂರ ಇಪ್ಪತ್ತು ಎಂದಿತ್ತು. ಸೋಮವಾರ ಅವಳೇ ಕೂಡಿಸಿದಾಗ ಅದು ಸಾವಿರದ ನೂರ ಎಂಬತ್ತು.

ಮೂರು ದಿನ. ಒಂದೂ ಪಂದ್ಯ ನಡೆದಿಲ್ಲ. ನೂರ ನಲವತ್ತು ಅಂಕ ಎಲ್ಲಿಂದ ಬಂತು?

ಅವಳು ಈ ಫುಟ್‌ಬಾಲ್ ಕ್ಲಬ್ಬಿನ ಲೆಕ್ಕಗಾರ್ತಿ. ದುಡ್ಡಿನ ಲೆಕ್ಕವಲ್ಲ, ಆಟದ ಲೆಕ್ಕ. ಅದರಲ್ಲೂ ಅವಳ ಕೈಹಿಡಿದ ಕೆಲಸವೆಂದರೆ ಗಾಳಿಯಲ್ಲಿ ಬರುವ ಚೆಂಡು. ಎತ್ತರದಿಂದ ಚೆಂಡು ಇಳಿಯುವಾಗ ಎರಡು ತಂಡದ ಇಬ್ಬರು ಒಟ್ಟಿಗೆ ನೆಗೆಯುತ್ತಾರೆ. ಯಾರ ತಲೆ ಮೊದಲು ತಾಗಿತು, ಎದುರಾಳಿ ಯಾರು, ಚೆಂಡು ಯಾವ ಕಡೆಯಿಂದ ಬಂತು— ಒಂದೊಂದನ್ನೂ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಬರೆದುಕೊಳ್ಳುತ್ತಾಳೆ. ಆಟಗಾರರು ಅವಳಿಗೆ ಗಾಳಿ ಮೇಡಂ ಎಂದು ಹೆಸರಿಟ್ಟದ್ದು ಗೇಲಿಗೆ. ಐದು ವರ್ಷದಲ್ಲಿ ಗೇಲಿ ಮಾಸಿ ಹೆಸರು ಮಾತ್ರ ಉಳಿದಿತ್ತು.

ಕಂಬ ಎಂದರೆ ತಂಡದ ನಡುವಿನ ರಕ್ಷಣಾ ಆಟಗಾರ. ಮೂವತ್ತಾರು ವರ್ಷ. ಹದಿನೈದು ವರ್ಷದಿಂದ ಗೋಲಿನ ಮುಂದೆ ನೆಟ್ಟಗೆ ನಿಂತವನು. ಭಾನುವಾರದ ಪಂದ್ಯ ಅವನ ಕೊನೆಯದು. ತಂಡದ ಹಣೆಬರಹವೂ ಅದರಲ್ಲೇ ಇತ್ತು— ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು. ಎದುರಾಳಿ ತಂಡದಲ್ಲಿ ಒಬ್ಬ ದೈತ್ಯ ಮುಂಪಡೆಯವನಿದ್ದ. ಅವನ ಗೋಲುಗಳಲ್ಲಿ ಅರ್ಧಕ್ಕರ್ಧ ತಲೆಯಿಂದಲೇ. ಅವನ ಮೇಲೆ ಕಂಬನನ್ನು ಬಿಡುವುದೋ, ಬದಲಿಯವನನ್ನೋ? ಸೋಮವಾರ ಕೋಚ್ ಎಲ್ಲ ಆಟಗಾರರ ಎದುರೇ ಹೇಳಿದ್ದರು: ಬರೀ ಮೊತ್ತ ಸಾಲದು, ಎಡ, ಬಲ, ನಡುವೆ ಅಂತ ಮೂರೂ ಬೇರೆ ಮಾಡಿ ಗುರುವಾರ ತನ್ನಿ.

ಹತ್ತು ಗಂಟೆಯ ಸಭೆಯಲ್ಲಿ ಅವಳು ಸುತ್ತುಬಳಸಿ ಮಾತಾಡಲಿಲ್ಲ. ಈ ಅಂಕಿ ನನ್ನದಲ್ಲ, ಯಾರೋ ತಿದ್ದಿದ್ದಾರೆ, ನೋಟ್‌ಬುಕ್ಕೂ ಕಾಣುತ್ತಿಲ್ಲ ಎಂದುಬಿಟ್ಟಳು. ಕೋಚ್ ಹಣೆ ಒತ್ತಿಕೊಂಡರು. ಸೆಕ್ರೆಟರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಯಾರಿಗೋ ಗ್ರಹಚಾರ ಕೆಟ್ಟಿತೆಂದೇ ಅರ್ಥ.

"ಕೋಣೆ ನಿಮ್ದು. ಕಂಪ್ಯೂಟರ್ ನಿಮ್ದು. ಪಾಸ್‌ವರ್ಡ್ ನಿಮ್ಮ ತಲೇಲಿದೆ. ಸೋಮವಾರ ತಪ್ಪು ಲೆಕ್ಕ ಕೊಟ್ಟು, ಈಗ ನೋಟ್‌ಬುಕ್ ಕಳೀತು ಅಂತಿದ್ದೀರಾ?"

ಬುಧವಾರ ಮಧ್ಯಾಹ್ನ ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ, ಕಂಪ್ಯೂಟರ್ ತೆರೆದೇ ಇತ್ತು ಎಂದಳು. ಹಾಗೆ ಹೇಳುತ್ತಿದ್ದಂತೆ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತೆ ಅನಿಸಿತು.

"ಶನಿವಾರ ಹನ್ನೊಂದು ಗಂಟೆವರೆಗೆ ಸಮಯ ಕೊಡ್ತೀನಿ," ಎಂದರು ಸೆಕ್ರೆಟರಿ. "ಯಾರು ತಿದ್ದಿದ್ದು ಅಂತ ತೋರಿಸಿ. ಇಲ್ಲ ಅಂದ್ರೆ ನಿಮ್ಮ ಕೋಣೆಗೆ ಬೇರೆಯವರನ್ನ ಹುಡುಕ್ತೀವಿ."

*

ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಗಂಡ ರೈಲ್ವೆ ಗಾರ್ಡು, ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆಯೇ. ಹಾಗಾಗಿ ಅತ್ತೆ ಸೊಸೆ ಒಬ್ಬರಿಗೊಬ್ಬರು ಹೊಂದಿಕೊಳ್ಳದೆ ಬೇರೆ ದಾರಿಯಿರಲಿಲ್ಲ, ಹೊಂದಿಕೊಂಡಿದ್ದರು. ಆದರೆ ಮನಸ್ಸು ಬಿಚ್ಚಿ ಮಾತಾಡುವಷ್ಟು ಸಲಿಗೆ ಬೆಳೆದಿರಲಿಲ್ಲ. ಅತ್ತೆ ಪರೀಕ್ಷಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಂಕಪಟ್ಟಿ ತಾಳೆ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಮೂರನ್ನು ಎಂಟು ಮಾಡಿದ್ದು, ಒಂದನ್ನು ಏಳು ಮಾಡಿದ್ದು ಅವರ ಕಣ್ಣಿಗೆ ಬೀಳದೆ ಹೋದದ್ದಿಲ್ಲ. ಅಂಥ ಕಣ್ಣು ತನ್ನ ಅಡುಗೆಮನೆಯ ಮೇಲೂ ಇದೆಯೆಂದು ಸೊಸೆಗೆ ಸದಾ ಒಳಗೊಳಗೇ ಅಳುಕು.

ಅವತ್ತು ಅಳುಕು ಬದಿಗಿಟ್ಟು ಎಲ್ಲ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕೇಳಿದರು.

"ಈ ಸಾವಿರದ ಚಿಲ್ಲರೆ ಅಂದ್ರೆ ಏನೇ? ಇಷ್ಟು ಸಲ ನೆಗೆದ, ಇಷ್ಟು ಸಲ ಗೆದ್ದ ಅಂತ ಶೇಕಡಾ ಹಾಕಿದ್ರೆ ಸಾಕಲ್ವಾ?"

"ಸಾಕಾಗಲ್ಲ ಅತ್ತೆ. ಕುಳ್ಳನ ಮುಂದೆ ನೆಗೆದು ಗೆಲ್ಲೋದೂ ದೈತ್ಯನ ಮುಂದೆ ಗೆಲ್ಲೋದೂ ಒಂದೇ ಅಲ್ಲವಲ್ಲ. ಅದಕ್ಕೆ ಪ್ರತಿಯೊಬ್ಬರಿಗೂ ಸಾವಿರದಿಂದ ಶುರು ಮಾಡ್ತೀನಿ. ಬಲಶಾಲಿ ಮೇಲೆ ಗೆದ್ರೆ ಜಾಸ್ತಿ ಏರತ್ತೆ. ದುರ್ಬಲನ ಕೈಲಿ ಸೋತ್ರೆ ಜಾಸ್ತಿ ಇಳಿಯತ್ತೆ."

"ಅಂದ್ರೆ ಪ್ರಶ್ನೆಪತ್ರಿಕೆ ಎಷ್ಟು ಕಷ್ಟ ಇತ್ತು ಅಂತ ನೋಡಿ ಅಂಕ ಕೊಡೋದು," ಎಂದರು ಅತ್ತೆ. "ನಮ್ಮ ಕಚೇರಿಗೆ ಆ ಬುದ್ಧಿ ಬರಲೇ ಇಲ್ಲ."

ಐದು ವರ್ಷದಲ್ಲಿ ಅವಳ ಕೆಲಸವನ್ನು ಅತ್ತೆ ಹೊಗಳಿದ್ದು ಅದೇ ಮೊದಲು. ಸೊಸೆಗೆ ಆ ಹೊತ್ತಿನಲ್ಲೂ ಒಂದು ಕ್ಷಣ ಹಿತವೆನಿಸಿತು.

"ಬುಧವಾರ ನಿನ್ನ ಕೋಣೆಗೆ ಯಾರು ಬರಬಹುದಿತ್ತು?"

ಅವತ್ತು ಮಧ್ಯಾಹ್ನ ಅಭ್ಯಾಸವಿರಲಿಲ್ಲ. ಕಟ್ಟಡದಲ್ಲಿ ಉಳಿದವರು ನಾಲ್ಕೇ ಜನ ಎಂದು ಕಾವಲುಗಾರನ ಪುಸ್ತಕ ಹೇಳುತ್ತಿತ್ತು: ಕೋಚ್, ಸೆಕ್ರೆಟರಿ, ಕಂಬ, ಮತ್ತೆ ಗೋಲಿ. ಗೋಲಿ ಎಂದರೆ ತಂಡದ ಗೋಲ್‌ಕೀಪರ್. ಎದುರಾಳಿಗಳು ಪೆನಾಲ್ಟಿ ಹೊಡೆಯುವ ತುಣುಕುಗಳನ್ನು ನೋಡಬೇಕು ಎಂದು ಅವಳನ್ನು ಕೇಳಿಯೇ ಕೋಣೆಯಲ್ಲಿ ಕೂತಿದ್ದ. ಅವನಿಗೋಸ್ಕರವೇ ಕಂಪ್ಯೂಟರ್ ತೆರೆದಿಟ್ಟಿದ್ದಳು. ನಾಲ್ಕೂಕಾಲಿಗೆ ಬಾಗಿಲು ಎಳೆದುಕೊಂಡು ಹೋದನಂತೆ. ಗುಡಿಸುವಾಕೆ ಬಂದು ಬೀಗ ಹಾಕಿದ್ದು ಐದಕ್ಕೆ. ನಡುವಿನ ಮುಕ್ಕಾಲು ಗಂಟೆ ಬಾಗಿಲು ಯಾರು ತಳ್ಳಿದರೂ ತೆರೆಯುವಂತಿತ್ತು.

"ನಾಳೆ ನಾನೂ ಬರ್ತೀನಿ," ಎಂದರು ಅತ್ತೆ.

*

ಶುಕ್ರವಾರ ಬೆಳಿಗ್ಗೆ ಅತ್ತೆ ಕ್ಲಬ್ಬಿನ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಕೈಚೀಲ ಇಟ್ಟುಕೊಂಡು ಕೂತರು. ಪೊಲೀಸಿನವರಲ್ಲ, ಅಧಿಕಾರಿಯಲ್ಲ, ಬಿಳಿಕೂದಲಿನ ಹೆಂಗಸೊಬ್ಬರು. ಕರೆದರೆ ಬರಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕೋಚ್ ಮೊದಲು ಬಂದರು. ಬುಧವಾರ ಮಧ್ಯಾಹ್ನ ಪತ್ರಿಕೆಯವರ ಜೊತೆ ಫೋನಿನಲ್ಲಿದ್ದೆ ಎಂದರು. ಕಂಬ ಆಡಬೇಕೆಂಬ ಆಸೆ ಅವರಿಗೂ ಇತ್ತು, ಮುಚ್ಚಿಡಲಿಲ್ಲ. ಆದರೆ ಸುಳ್ಳು ಲೆಕ್ಕ ನಂಬಿ ಪಂದ್ಯ ಸೋತರೆ ಮೊದಲು ಹೋಗುವುದು ನನ್ನ ಕೆಲಸವೇ ತಾನೆ ಎಂದರು. ಮಾತು ಸರಿಯಾಗಿತ್ತು.

ಸೆಕ್ರೆಟರಿ ಕೂರಲಿಲ್ಲ, ನಿಂತೇ ಉತ್ತರಿಸಿದರು. ಕಂಬನ ವಿದಾಯದ ಪೋಸ್ಟರುಗಳು ಆಗಲೇ ಊರಿನ ಗೋಡೆಗಳ ಮೇಲಿದ್ದವು. ಅವನು ಆಡದಿದ್ದರೆ ಅವರ ಮುಖಕ್ಕೆ ಮಸಿ. ಕಾರಣ ಇತ್ತು. ಆದರೆ ತಮಗೆ ಬಂದ ಪತ್ರಗಳನ್ನೂ ಗುಮಾಸ್ತನಿಂದ ಅಚ್ಚು ಹಾಕಿಸಿ ಓದುವ ಮನುಷ್ಯ ಅವರು. ಕಂಪ್ಯೂಟರ್ ಹಾಳೆಯಲ್ಲಿ ಯಾವ ಸಾಲಿನಲ್ಲಿ ಏನಿದೆಯೆಂದು ಅವರಿಗೆ ತಿಳಿಯುವುದು ಹೇಗೆ?

ಮೂರನೆಯವನು ಕಂಬ. ಬಾಗಿಲಿನ ಎತ್ತರದ ಆಸಾಮಿ. ಕೂರುವಾಗ ಅವನ ಎಡ ಮೊಣಕೈ ತಾಗಿ ಮೇಜಿನ ಮೇಲಿದ್ದ ಚಹಾದ ಲೋಟ ಉರುಳಿತು. ಅವನೇ ಬಟ್ಟೆ ತಂದು ಒರೆಸಿದ.

"ಕ್ಷಮಿಸಿ ಅಮ್ಮ. ಈಚೆಗೆ ಕೈಕಾಲು ನನ್ನ ಮಾತು ಕೇಳ್ತಿಲ್ಲ. ವಯಸ್ಸಾಯ್ತು."

"ನನ್ನ ಮುಂದೆ ವಯಸ್ಸಿನ ಮಾತಾಡಬೇಡಿ," ಎಂದರು ಅತ್ತೆ. "ನಿಮ್ಮ ಲೆಕ್ಕ ತಿದ್ದಿದ್ದು ನೀವೇನಾ?"

ಅವನು ನೊಂದುಕೊಳ್ಳಲಿಲ್ಲ. "ಸೋಲ್ತಾ ಇದ್ದೀನಿ ಅಂತ ನನಗೇ ಗೊತ್ತಮ್ಮ. ಯಾಕೆ ಅಂತ ಗೊತ್ತಾಗ್ತಿಲ್ಲ, ಅಷ್ಟೆ. ಮೊದಲಿನ ಹಾಗೇ ನಿಲ್ತೀನಿ, ಮೊದಲಿನ ಹಾಗೇ ನೆಗೀತೀನಿ. ಚೆಂಡು ಎಲ್ಲಿಂದಲೋ ಬಂದುಬಿಡತ್ತೆ. ಮೇಡಂ ಸೋತೆ ಅಂತ ಬರೆದಿದ್ರೆ ಸೋತಿದ್ದೀನಿ. ಅವರು ಯಾವತ್ತೂ ಯಾರಿಗೂ ಒಂದು ಅಂಕ ಜಾಸ್ತಿ ಹಾಕಿದವರಲ್ಲ, ಕಮ್ಮಿ ಹಾಕಿದವರೂ ಅಲ್ಲ."

ಗಾಳಿ ಮೇಡಂ ಕಿಟಕಿಯಾಚೆ ನೋಡಿದಳು. ಕಣ್ಣು ಒದ್ದೆಯಾದದ್ದು ಯಾರಿಗೂ ಕಾಣಬಾರದಿತ್ತು.

ಕೊನೆಗೆ ಗೋಲಿ. ಕೋಣೆಯಲ್ಲಿ ಕೂತಿದ್ದೆ ಎಂದು ತಾನೇ ಮೊದಲು ಹೇಳಿದ. ಎಷ್ಟು ಹೊತ್ತಿಗೆ ಹೋದೆ, ಯಾವ ತುಣುಕು ನೋಡಿದೆ— ಎಲ್ಲ ನೀಟಾಗಿ ಒಪ್ಪಿಸಿದ. ನಾನು ಹೋದ ಮೇಲೆ ಯಾರು ಬಂದರೋ ಗೊತ್ತಿಲ್ಲ ಎಂದ. ಕಂಬನ ಬಗ್ಗೆ ಕೇಳಿದಾಗ ಮಾತ್ರ ಅವನ ಮುಖ ಅರಳಿತು. ಅಣ್ಣನ ಹಿಂದೆ ಒಂಬತ್ತು ವರ್ಷ ನಿಂತಿದ್ದೀನಿ, ಅಂಥವರು ಇನ್ನು ಹುಟ್ಟಲ್ಲ ಎಂದ.

ಬಸ್ಸಿನಲ್ಲಿ ವಾಪಸು ಬರುವಾಗ ಸೊಸೆ ಕೇಳಿದಳು: "ಯಾರು ಅಂತೀರಿ?"

"ನಾಲ್ಕು ಜನಕ್ಕೂ ಕಂಬ ಆಡಬೇಕು. ಕಾರಣ ಹುಡುಕಿದ್ರೆ ನಾಲ್ಕೂ ಜನ ಕಳ್ಳರೇ. ಜನರನ್ನ ಬಿಡು, ತಿದ್ದಿದ ಕಡೆ ನೋಡೋಣ. ನೋಟ್‌ಬುಕ್ ಹೋದ್ರೂ ಆಟದ ವಿಡಿಯೋ ಇದೆಯಲ್ಲ?"

ಇತ್ತು. ಎಂಟೂ ಇದ್ದವು.

*

ಮಧ್ಯಾಹ್ನದ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತರು. ಕಂಬ ನೆಗೆದ ಕಡೆಯೆಲ್ಲ ನಿಲ್ಲಿಸುವುದು, ಗೆದ್ದನೋ ಸೋತನೋ ಮತ್ತೆ ಬರೆಯುವುದು, ತಿದ್ದಿದ ಹಾಳೆಯ ಜೊತೆ ತಾಳೆ ನೋಡುವುದು. ಅತ್ತೆ ಮೊರದಲ್ಲಿ ಬಟಾಣಿ ಇಟ್ಟುಕೊಂಡು ಸುಲಿಯುತ್ತ ಕೂತರು. ಫುಟ್‌ಬಾಲಿನ ಗಂಧಗಾಳಿ ಅವರಿಗಿರಲಿಲ್ಲ.

"ಶಬ್ದ ಯಾಕಿಲ್ಲ?"

"ಗದ್ದಲಕ್ಕೆ ನನ್ನ ಲೆಕ್ಕ ತಪ್ಪತ್ತೆ ಅತ್ತೆ. ನಾನು ಯಾವಾಗಲೂ ಶಬ್ದ ತೆಗೆದೇ ನೋಡೋದು."

"ಇದೊಳ್ಳೆ ಮೂಗರ ಜಗಳ ನೋಡಿದ ಹಾಗಿದೆ. ಶಬ್ದ ಹಾಕು. ನನಗೆ ಹೊತ್ತಾದ್ರೂ ಹೋಗಲಿ."

ಸೊಸೆ ಬೇಸರದಿಂದಲೇ ಶಬ್ದ ಹಾಕಿದಳು.

ಐದು ಗಂಟೆಯ ಹೊತ್ತಿಗೆ ಲೆಕ್ಕ ಮುಗಿಯಿತು. ಎಂಟು ಪಂದ್ಯದಲ್ಲಿ ಕಂಬ ತೊಂಬತ್ತೇಳು ಸಲ ನೆಗೆದಿದ್ದ. ನಿಜವಾಗಿ ಸೋತದ್ದು ನಲವತ್ತೈದು ಸಲ. ತಿದ್ದಿದ ಹಾಳೆಯಲ್ಲಿ ಸೋಲು ಇಪ್ಪತ್ತಮೂರೇ. ಅಂದರೆ ಇಪ್ಪತ್ತೆರಡು ಸೋಲುಗಳನ್ನು ಯಾರೋ ಗೆಲುವು ಮಾಡಿದ್ದರು. ಸೋಮವಾರದ ಲೆಕ್ಕ ಸರಿಯಾಗಿತ್ತು.

"ಆ ಇಪ್ಪತ್ತೆರಡು ಎಲ್ಲೆಲ್ಲಿವೆ?" ಎಂದರು ಅತ್ತೆ. "ಯಾವ ಪಂದ್ಯ ಅಂತಲ್ಲ. ಹಾಳೇಲಿ ಯಾವ ಮನೆಯಲ್ಲಿ?"

ಸೊಸೆ ಬೆರಳಿಟ್ಟು ನೋಡುತ್ತ ಹೋದಳು. ಎಡ. ಎಡ. ಎಡ. ಮತ್ತೆ ಎಡ. ಇಪ್ಪತ್ತೆರಡೂ ಎಡ. ಬಲಗಡೆಯಿಂದ, ನಡುವಿನಿಂದ ಬಂದ ಚೆಂಡುಗಳಲ್ಲಿ ಕಂಬ ಹದಿನೆಂಟು ಸಲ ಸೋತಿದ್ದ. ಅವುಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ.

ಅತ್ತೆಯ ಕೈ ಬಟಾಣಿಯ ಮೇಲೆ ನಿಂತಿತು. ಮೂವತ್ತೊಂದು ವರ್ಷದಲ್ಲಿ ತಾನು ಕಂಡ ತಿದ್ದುಪಡಿಗಳೆಲ್ಲ ಮೊತ್ತ ಏರಿಸುವುದಕ್ಕೆ ಮಾಡಿದವು ಎಂದರು. ಅಂಥವನು ಎಲ್ಲಿ ಸುಲಭವೋ ಅಲ್ಲಿ ಕೈ ಹಾಕುತ್ತಾನೆ, ಅಲ್ಲೊಂದು ಇಲ್ಲೊಂದು. ಇವನು ಒಂದೇ ಮನೆಯನ್ನು ಹಿಡಿದು ಕೂತಿದ್ದಾನೆ.

"ಇವನು ಅಂಕ ಏರಿಸೋಕೆ ಹೋಗಿಲ್ಲ ಕಣೇ. ಏನನ್ನೋ ಮುಚ್ಚೋಕೆ ಹೋಗಿದ್ದಾನೆ. ಅಂಕ ಏರಿದ್ದು ಅದರ ಜೊತೆಗೆ ಬಂದದ್ದು."

ಏನನ್ನು? ಸೊಸೆ ಹಳೆಯ ವರ್ಷಗಳ ಹಾಳೆ ತೆಗೆದಳು. ಹಿಂದೆಲ್ಲ ಕಂಬ ಎಡಗಡೆಯ ಚೆಂಡುಗಳಲ್ಲಿ ಹತ್ತಕ್ಕೆ ಆರು ಗೆಲ್ಲುತ್ತಿದ್ದ. ಈ ಎಂಟು ಪಂದ್ಯಗಳಲ್ಲಿ ಮೂವತ್ತೆಂಟರಲ್ಲಿ ಗೆದ್ದದ್ದು ಹನ್ನೊಂದು. ಬಲಗಡೆ, ನಡುವೆ ಮಾತ್ರ ಎಂದಿನ ಕಂಬನೇ. ಅವಳಿಗೆ ನಾಚಿಕೆಯಾಯಿತು. ಇಳಿದಿದ್ದಾನೆ ಎಂದು ಅವಳ ಅಳತೆ ಹೇಳಿತ್ತು. ಎಲ್ಲಿ ಇಳಿದಿದ್ದಾನೆ ಎಂದು ಅವಳು ಕೇಳಿರಲೇ ಇಲ್ಲ.

ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು. ಅದು ಸೊಸೆಗೆ ಮೊದಲು ಅರ್ಥವೇ ಆಗಲಿಲ್ಲ.

"ಹಿಂದಿನಿಂದ ಒಬ್ಬ ಕಿರುಚ್ತಾನಲ್ಲ, ಅವನು ಯಾಕೆ ಕೆಲವು ಸಲ ಮಾತ್ರ ಕಿರುಚ್ತಾನೆ?"

*

ಶನಿವಾರ ಹನ್ನೊಂದಕ್ಕೆ ಸೆಕ್ರೆಟರಿಯ ಕೋಣೆಯಲ್ಲಿ ಆರು ಜನ ಕೂತಿದ್ದರು. ಅತ್ತೆ ಕೇಳಿದ್ದಕ್ಕೆ ಕಂಬನನ್ನೂ ಗೋಲಿಯನ್ನೂ ಕರೆಸಿದ್ದರು. ಗಾಳಿ ಮೇಡಂ ಲೆಕ್ಕ ಒಪ್ಪಿಸಿದಳು— ಇಪ್ಪತ್ತೆರಡು ತಿದ್ದುಪಡಿ, ಎಲ್ಲ ಎಡ.

"ಅದರಿಂದ ಯಾರು ಅಂತ ಗೊತ್ತಾಗತ್ತಾ?" ಎಂದರು ಸೆಕ್ರೆಟರಿ.

"ಗೊತ್ತಾಗತ್ತೆ," ಎಂದರು ಅತ್ತೆ. "ಕಂಬ ಸೋಲ್ತಾ ಇರೋದು ಎಡಗಡೆ ಮಾತ್ರ ಅಂತ ಈ ಕ್ಲಬ್ಬಲ್ಲಿ ಯಾರಿಗೆ ಗೊತ್ತಿತ್ತು? ಕೋಚಿಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಎಡ ಬಲ ಬೇರೆ ಮಾಡಿ ತನ್ನಿ ಅಂತ ಕೇಳ್ತಿರಲಿಲ್ಲ. ನಿಮಗೆ ಗೊತ್ತಿರಲಿಲ್ಲ. ನನ್ನ ಸೊಸೆಗೇ ಗೊತ್ತಿರಲಿಲ್ಲ."

"ಹಾಗಾದ್ರೆ ಕಂಬನೇ—"

"ಅವರಿಗೂ ಗೊತ್ತಿಲ್ಲ."

ಕಂಬ ಹುಬ್ಬು ಗಂಟಿಕ್ಕಿ ಅವರನ್ನೇ ನೋಡಿದ.

"ಒಂದು ಕಡೆ ಚೆಂಡು ಕಾಣಲ್ಲ ಅಂತ ಗೊತ್ತಿದ್ದವನು ಆ ಕಡೆ ಕತ್ತು ತಿರುಗಿಸಿ ನಿಲ್ತಾನೆ. ನೀವು ಎಂಟು ಪಂದ್ಯದಲ್ಲೂ ನೇರ ಮುಂದೆ ನೋಡ್ಕೊಂಡೇ ನಿಂತಿದ್ದೀರಿ. ಐದು ವರ್ಷದ ಹಿಂದಿನ ವಿಡಿಯೋದಲ್ಲಿ ಹೇಗೋ ಹಾಗೇ. ಒಂದು ಸಂದರ್ಭದಲ್ಲಿ ಮಾತ್ರ ಎಡಕ್ಕೆ ತಿರುಗ್ತೀರಿ. ಹಿಂದಿನಿಂದ ಒಂದು ಧ್ವನಿ ‘ಎಡಕ್ಕೆ, ಎಡಕ್ಕೆ’ ಅಂತ ಕೂಗಿದಾಗ."

ಅವರು ಎದ್ದು ಕಂಬನ ಮುಂದೆ ಬಂದು ನಿಂತರು.

"ಮುಂದೆ ಗೋಡೆ ಗಡಿಯಾರ ನೋಡ್ತಾ ಇರಿ. ಕಣ್ಣು ಕದಲಿಸಬೇಡಿ." ಎರಡು ಕೈಯನ್ನೂ ಅಗಲಿಸಿ ಅವನ ಕಿವಿಗಳ ನೇರಕ್ಕೆ ಹಿಡಿದರು. ಎಡಗೈ ಬೆರಳುಗಳನ್ನು ಮುಚ್ಚಿ, ಬಲಗೈಯ ಮೂರು ಬೆರಳು ಅಲ್ಲಾಡಿಸಿದರು. ಅದು ಕಂಬನ ಎಡಗಡೆ. "ಎಷ್ಟು ಬೆರಳು?"

ಕಂಬ ಗಡಿಯಾರವನ್ನೇ ನೋಡುತ್ತಿದ್ದ.

"ಯಾವ ಕೈಯಲ್ಲಮ್ಮ?" ಎಂದ.

ಕೋಚ್ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ಕೂತರು. ಅತ್ತೆ ನಿಧಾನವಾಗಿ ಕೈ ಇಳಿಸಿದರು.

"ನನ್ನ ಸೊಸೆ ಶಬ್ದ ತೆಗೆದು ವಿಡಿಯೋ ನೋಡ್ತಾಳೆ. ನನಗೆ ಆಟ ಗೊತ್ತಿಲ್ಲ, ನಾನು ಬರೀ ಕೇಳ್ತಾ ಕೂತಿದ್ದೆ. ಚೆಂಡು ಬಲಗಡೆಯಿಂದ ಬಂದ್ರೆ ಹಿಂದಿನವನು ಸುಮ್ಮನೆ. ನಡುವೆ ಬಂದ್ರೂ ಸುಮ್ಮನೆ. ಎಡಗಡೆಯಿಂದ ಬಂದ್ರೆ ಮಾತ್ರ ಗಂಟಲು ಹರಿದುಹೋಗೋ ಹಾಗೆ ಕೂಗ್ತಾನೆ. ಎರಡು ಪಂದ್ಯದಲ್ಲಿ ಆ ಧ್ವನಿಯೇ ಇಲ್ಲ. ವಿಚಾರಿಸಿದ್ರೆ, ಆ ಎರಡರಲ್ಲಿ ಬೆರಳು ಮುರಿದಿದೆ ಅಂತ ಗೋಲ್‌ಕೀಪರ್ ಆಡಿರಲಿಲ್ಲ. ಆ ಎರಡು ಪಂದ್ಯದಲ್ಲಿ ಎಡಗಡೆಯಿಂದ ಹತ್ತು ಚೆಂಡು ಬಂದವು. ಹತ್ತೂ ಸೋತರು."

ಅವರು ಗೋಲಿಯ ಕಡೆ ತಿರುಗಿದರು. ಧ್ವನಿಯಲ್ಲಿ ಗಡಸು ಇರಲಿಲ್ಲ.

"ಬೇರೆ ಯಾರಿಗೂ ಕಾಣದ್ದು ನಿನಗೆ ಕಾಣ್ತಿತ್ತು. ಅವರ ಹಿಂದೆ ನಿಲ್ಲೋನು ನೀನೊಬ್ಬನೇ. ಹೇಳಪ್ಪ."

ಗೋಲಿ ತನ್ನ ಚೀಲದ ಬಾಯಿ ಬಿಚ್ಚಿ, ಕೈಗವಸುಗಳ ಕೆಳಗಿನಿಂದ ನೀಲಿ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ.

"ಸುಟ್ಟುಬಿಡೋಣ ಅಂತ ತಗೊಂಡು ಹೋದೆ. ಮೇಡಂ ಒಂದೊಂದು ಸಾಲೂ ಕೂತು ಬರೆದದ್ದು. ಕೈ ಬರಲಿಲ್ಲ."

ಆಮೇಲೆ ಎಲ್ಲ ಹೊರಬಂತು. ಒಂಬತ್ತು ವರ್ಷದ ಹಿಂದೆ ಅವನು ಹೊಸಬ. ಒಂದು ಪಂದ್ಯದಲ್ಲಿ ಕಾಲ ಸಂದಿಯಲ್ಲಿ ಗೋಲು ಬಿಟ್ಟಿದ್ದಕ್ಕೆ ಜನ ಅವನು ಇಳಿದುಕೊಂಡಿದ್ದ ಕೋಣೆಯ ಕಿಟಕಿ ಒಡೆದಿದ್ದರು. ಕಂಬ ಅವತ್ತೇ ಸಾಮಾನು ಸಮೇತ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಒಂದು ದಿನಕ್ಕೆಂದು ಹೋದವನು ಎರಡು ವರ್ಷ ಅಲ್ಲೇ ಇದ್ದ. ಕಂಬನ ಹೆಂಡತಿ ತನ್ನ ಮಕ್ಕಳ ಜೊತೆ ಅವನಿಗೂ ಬಡಿಸಿದರು. ಈ ಸಲ ಎಡಗಡೆಯ ಚೆಂಡು ಅಣ್ಣನಿಗೆ ತಪ್ಪುತ್ತಿರುವುದು ಮೂರನೇ ಪಂದ್ಯದಲ್ಲೇ ಅವನ ಗಮನಕ್ಕೆ ಬಂದಿತ್ತು. ವಯಸ್ಸಿನ ದೋಷ ಎಂದುಕೊಂಡ. ಕೇಳಿದರೆ ಅಣ್ಣನ ಮನಸ್ಸಿಗೆ ನೋವಾಗುತ್ತದೆಂದು ಕೇಳಲಿಲ್ಲ, ಕೂಗತೊಡಗಿದ. ಸೋಮವಾರ ಕೋಚ್ ಎಡ ಬಲ ಬೇರೆ ಮಾಡಿ ಎಂದಾಗ ಹೆದರಿದ. ಎಲ್ಲರಿಗೂ ನೆನಪಿದ್ದ, ಗೋಲಾಗಿ ಮುಗಿದ ಐದು ಸೋಲುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಗೆಲುವು ಮಾಡಿದ.

"ಒಂದೇ ಒಂದು ಪಂದ್ಯ ಇತ್ತು," ಎಂದ. "ಅಣ್ಣನ ಕೊನೇದು. ಒಂದು ದಿನ ಅವರ ಕಣ್ಣು ನಾನಾಗ್ತೀನಿ ಅಂದ್ಕೊಂಡೆ. ಮೇಡಂ ಕೆಲಸಕ್ಕೆ ಕುತ್ತು ಬರತ್ತೆ ಅಂತ ಯೋಚನೇನೇ ಮಾಡಲಿಲ್ಲ. ತಪ್ಪಾಯ್ತು ಮೇಡಂ."

ಗಾಳಿ ಮೇಡಂಗೆ ಸಿಟ್ಟು ಬರಬೇಕಿತ್ತು. ಎರಡು ದಿನದಿಂದ ನಿದ್ದೆಯಿಲ್ಲದೆ ಒದ್ದಾಡಿದವಳು ಅವಳು. ಆದರೆ ಆ ಕ್ಷಣ ಕಂಡದ್ದು ಕಂಬನ ಮುಖ ಮಾತ್ರ. ಅವನು ತನ್ನ ಎಡಗೈಯನ್ನು ಮುಖದ ಪಕ್ಕ ಎತ್ತಿ ಹಿಡಿದು, ನಿಧಾನವಾಗಿ ಮುಂದಕ್ಕೆ ತಂದು, ಅದು ಎಲ್ಲಿ ಕಾಣಿಸತೊಡಗುತ್ತದೆ ಎಂದು ನೋಡುತ್ತಿದ್ದ. ಮೂಗಿನ ನೇರಕ್ಕೆ ಬರುವತನಕ ಕಾಣಲಿಲ್ಲ.

"ಇದು ವಯಸ್ಸಲ್ಲ," ಎಂದರು ಅತ್ತೆ. "ನನಗೆ ಅರವತ್ತೆಂಟು. ನನಗೆ ಕಾಣತ್ತೆ. ಈಗಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಭಾನುವಾರ ಕಳೀಲಿ ಅನ್ನಬೇಡಿ."

ಸೆಕ್ರೆಟರಿ ಆಗಲೇ ಫೋನ್ ಎತ್ತಿಕೊಂಡಿದ್ದರು. ಕಾರು ತರಿಸಿದರು. ಬಾಗಿಲ ತನಕ ಹೋದವರು ಹಿಂತಿರುಗಿ ಬಂದು ಗಾಳಿ ಮೇಡಂ ಮುಂದೆ ನಿಂತರು. ಅವರಿಗೆ ಮಾತು ಜೋಡಿಸಿಕೊಳ್ಳಲು ಕಷ್ಟವಾಯಿತು. ನಿಮ್ಮನ್ನು ಅನುಮಾನಿಸಿದ್ದು ನನ್ನ ತಪ್ಪು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಎಲ್ಲರೆದುರೇ ಹೇಳಿದರು.

*

ಕಂಬನ ಕಣ್ಣು ಸರಿಯಾಗಿಯೇ ಇತ್ತು. ಕೆಟ್ಟದ್ದು ಅದರ ಹಿಂದೆ. ತಲೆಯೊಳಗೆ, ಬಲಭಾಗದಲ್ಲಿ, ನೋಟ ಹೊರುವ ನರಗಳನ್ನು ಒಂದು ಗಡ್ಡೆ ಒತ್ತುತ್ತಿತ್ತು. ಅದರಿಂದ ಎರಡು ಕಣ್ಣಿನಲ್ಲೂ ಎಡಗಡೆಯ ನೋಟ ಅಳಿಸಿಹೋಗುತ್ತಿತ್ತು. ಹೀಗೆ ನಿಧಾನವಾಗಿ ಹೋಗುವ ನೋಟ ಹೋದವನಿಗೇ ತಿಳಿಯುವುದಿಲ್ಲ ಎಂದರು ಡಾಕ್ಟರು. ಕೆಟ್ಟ ಜಾತಿಯ ಗಡ್ಡೆಯಲ್ಲ, ತೆಗೆಯಬಹುದು. ಬೇಗ ಬಂದದ್ದು ಪುಣ್ಯ ಎಂದೂ ಹೇಳಿದರು. ಆ ತಲೆಯಿಂದಲೇ ಅವನು ಪ್ರತಿ ವಾರ ಚೆಂಡು ಗುದ್ದುತ್ತಿದ್ದ ಎಂದು ಕೇಳಿದಾಗ ಅವರು ಸ್ಕ್ಯಾನಿನ ಚಿತ್ರವನ್ನು ಮತ್ತೊಮ್ಮೆ ಕೈಗೆತ್ತಿಕೊಂಡರಂತೆ.

ಭಾನುವಾರದ ಪಂದ್ಯಕ್ಕೆ ಕಂಬನಿರಲಿಲ್ಲ. ಗೋಲಿಯನ್ನೂ ಆಡಿಸಲಿಲ್ಲ, ಮೂರು ತಿಂಗಳು ಅಂಗಳಕ್ಕೆ ಇಳಿಯಬಾರದೆಂದು ಶಿಕ್ಷೆಯಾಯಿತು. ಬದಲಿಯವನು ದೈತ್ಯನ ಎದುರು ಬೆವರು ಸುರಿಸಿ ನೆಗೆದ, ಹನ್ನೊಂದು ಸಲದಲ್ಲಿ ಐದು ಗೆದ್ದ. ಪಂದ್ಯ ಸಮವಾಯಿತು. ದರ್ಜೆ ಉಳಿಸಿಕೊಳ್ಳಲು ಅಷ್ಟು ಸಾಕಿತ್ತು.

ಎರಡು ತಿಂಗಳ ಮೇಲೆ ಒಂದು ಸಂಜೆ ಕಂಬ ಹೆಂಡತಿಯ ಜೊತೆ ಗಾಳಿ ಮೇಡಂ ಮನೆಗೆ ಬಂದ. ಬೋಳಿಸಿದ್ದ ತಲೆಯಲ್ಲಿ ಕೂದಲು ಮತ್ತೆ ಬರುತ್ತಿತ್ತು. ಎಡಗಡೆಯ ನೋಟ ಮುಕ್ಕಾಲುಪಾಲು ಮರಳಿತ್ತು. ಗೋಲಿಯೇ ಅವರನ್ನು ಕಾರಿನಲ್ಲಿ ಕರೆತಂದಿದ್ದ. ಒಳಗೆ ಬರಲು ಸಂಕೋಚಪಟ್ಟು ಗೇಟಿನ ಹತ್ತಿರವೇ ನಿಂತಿದ್ದ. ಆಸ್ಪತ್ರೆಗೆ ಕರೆದೊಯ್ಯುವುದು, ಕರೆತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಎಲ್ಲ ಎರಡು ತಿಂಗಳಿಂದ ಅವನದೇ ಎಂದಳು ಕಂಬನ ಹೆಂಡತಿ. ಗಾಳಿ ಮೇಡಂ ತಾನೇ ಹೋಗಿ ಅವನನ್ನು ಒಳಗೆ ಕರೆದಳು. ಬಾರಪ್ಪ, ಚಹಾ ಆರುತ್ತೆ ಎಂದಳು. ಅವನು ತಲೆ ತಗ್ಗಿಸಿಕೊಂಡು ಬಂದು ಚಪ್ಪಲಿ ಬಿಟ್ಟ.

ಕಂಬನ ಹೆಂಡತಿ ಅತ್ತೆಯ ಎರಡು ಕೈಯನ್ನೂ ಹಿಡಿದುಕೊಂಡಳು. ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

"ನನಗೇನೂ ಹೇಳಬೇಡಮ್ಮ," ಎಂದರು ಅತ್ತೆ. "ಬರೆದಿಟ್ಟವಳು ಇವಳು. ಐದು ವರ್ಷ ಒಂದೊಂದು ನೆಗೆತಾನೂ ಬಿಡದೆ ಬರೆದಿದ್ದಕ್ಕೆ ತಾನೆ ಗೊತ್ತಾಗಿದ್ದು? ನಾನು ಬಟಾಣಿ ಸುಲಿತಾ ಕೂತಿದ್ದೆ."

"ಮೇಡಂ," ಎಂದ ಕಂಬ. "ನೀವು ಸೋತೆ ಅಂತ ಬರೆದಿದ್ದಕ್ಕೆ ನಾನು ಉಳ್ಕೊಂಡೆ."

ಅವಳು ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಅವನ ಮುಂದೆ ಸರಿಸಿದಳು.

ಅವರೆಲ್ಲ ಹೋದ ಮೇಲೆ ಅತ್ತೆ ಬಹಳ ಹೊತ್ತು ಕೂತಲ್ಲಿಂದ ಏಳಲಿಲ್ಲ. ಸೊಸೆ ಲೋಟಗಳನ್ನು ಎತ್ತುತ್ತಿದ್ದಳು.

"ಕಚೇರೀಲಿ ಇನ್ನೂರ ಚಿಲ್ಲರೆ ಜನರನ್ನ ಹಿಡಿದಿದ್ದೀನಿ ನಾನು," ಎಂದರು ಅತ್ತೆ. "ಎಲ್ಲರೂ ಅಳ್ತಾ ಹೋದವರೇ. ತಪ್ಪು ಅವರದೇ ಇರಲಿ, ಮನೆಗೆ ಬಂದು ಅವತ್ತು ನನಗೆ ಊಟ ಸೇರ್ತಿರಲಿಲ್ಲ. ಹಿಡಿದದ್ದಕ್ಕೆ ಒಬ್ಬರು ಬಂದು ನಗ್ತಾ ಚಹಾ ಕುಡಿದು ಹೋಗಿದ್ದು ಇದೇ ಮೊದಲು ಕಣೇ. ನಿನ್ನಿಂದ ಆಯ್ತು."

ಸೊಸೆ ಲೋಟಗಳನ್ನು ಕೆಳಗಿಟ್ಟಳು. ನನ್ನ ಕೆಲಸ ಉಳಿದದ್ದು ನಿಮ್ಮಿಂದ, ಅದಕ್ಕಿಂತ ಹೆಚ್ಚಾಗಿ ನನ್ನ ಮಾತನ್ನು ನೀವು ಒಂದೇ ಸಲಕ್ಕೆ ನಂಬಿದಿರಿ ಎಂದು ಹೇಳಬೇಕೆಂದಿದ್ದಳು. ಎರಡು ತಿಂಗಳಿಂದ ಅದು ನಾಲಿಗೆಯ ತುದಿಯಲ್ಲಿತ್ತು. ಈಗಲೂ ಅಲ್ಲೇ ನಿಂತಿತು.

"ಅತ್ತೆ," ಎಂದಳು. "ಹೊಸ ಸೀಸನ್ ಈ ಭಾನುವಾರ ಶುರು. ನನ್ನ ಜೊತೆ ಮೈದಾನಕ್ಕೆ ಬರ್ತೀರಾ? ಪಕ್ಕದಲ್ಲೇ ಕುರ್ಚಿ ಹಾಕಿಸ್ತೀನಿ."

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಎಷ್ಟು ಗಂಟೆಗೆ ಹೊರಡಬೇಕು?" ಎಂದರು.